ನಾಲ್ಕು ಮೀಟರಿನ ಸಂಸಾರ

"ರೀ, ಎಂಟು ಲಕ್ಷ ಅಂದಿದ್ರಲ್ಲ? ಇದೇನಿದು ಒಂಬತ್ತೂಮುಕ್ಕಾಲು?"

"ಎಂಟು ಶೋರೂಮಿನ ಒಳಗೆ ಕಣೇ. ಗಾಡಿ ರಸ್ತೆಗಿಳಿಯೋಕೆ ರೇಟು ಬೇರೆ. ನಮ್ಮ ರಾಜ್ಯದ ತೆರಿಗೆಯೇ ನೂರಕ್ಕೆ 14. ಮೇಲೆ ಸೆಸ್ಸು, ವಿಮೆ."

"ಸರಿ, ರಸ್ತೆ ಎಲ್ಲಿದೆ?"

ಸೇಲ್ಸ್ ಹುಡುಗ ಮಾತು ಮರೆಸಲು ಟಚ್‌ಸ್ಕ್ರೀನ್ ಒತ್ತಿ ಹಾಡು ಹಾಕಿದ. ಇವಳು ಬಿಡುವವಳೇ? ಗಾಡಿಯ ಹಿಂಬದಿಗೆ ಹೋದಳು.

"ಇಲ್ಲಿ ಯಾಕಪ್ಪ ಕುಡುಗೋಲಿಂದ ಕೊಯ್ದ ಹಾಗಿದೆ?"

"ನಾಲ್ಕು ಮೀಟರ್ ದಾಟಿದ್ರೆ ತೆರಿಗೆ ಜಾಸ್ತಿ ಮೇಡಂ. 2008ರ ಡಿಸೈರ್ 4160 ಮಿಲಿಮೀಟರ್ ಇತ್ತು. 2012ರಲ್ಲಿ 3995ಕ್ಕೆ ತಂದ್ರು."

"ಬಾಲ ಕತ್ತರಿಸಿದ್ರು ಅನ್ನು."

ನನಗೇನೋ ಆ ಐದು ಮಿಲಿಮೀಟರಿನ ಭಯಭಕ್ತಿ ಬಹಳ ಹಿಡಿಸಿತು.

"ಸಿಎನ್‌ಜಿ ತಗೊಳ್ಳಿ ಸರ್, ಖರ್ಚು ಕಮ್ಮಿ," ಎಂದು ಹುಡುಗ ಡಿಕ್ಕಿ ಎತ್ತಿದ. ಅಲ್ಲಿ ರಜೆಗೆ ಬಂದ ಭಾವಮೈದುನನಂತೆ ಸಿಲಿಂಡರ್ ಅಡ್ಡಡ್ಡ ಮಲಗಿತ್ತು.

"ಊರಿಂದ ತರೋ ಅಕ್ಕಿ ಮೂಟೆ, ಹಲಸಿನಹಣ್ಣು ಎಲ್ಲಿಡೋದು?"

"ಹಿಂದಿನ ಸೀಟಲ್ಲಿ."

"ಅತ್ತೆ?"

"..."

"ಹಣ್ಣು ಅವರ ತೊಡೆ ಮೇಲೆ. ಬರೆದುಕೊಳ್ಳಪ್ಪ."

ಕೊನೆಗೆ ಬಿಳಿ ಗಾಡಿಯಲ್ಲಿ ಟೆಸ್ಟ್ ಡ್ರೈವ್. ಮೊದಲ ಸಿಗ್ನಲ್ಲಿನಲ್ಲೇ ಯಾರೋ ಹಿಂದಿನ ಬಾಗಿಲು ತೆಗೆದು ಧಪ್ಪೆಂದು ಕೂತರು.

"ಒಟಿಪಿ 4471. ಮೆಜೆಸ್ಟಿಕ್, ಬೇಗ."

ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ಮೊಣಕೈಯಲ್ಲಿ ತಿವಿದಳು.

"ಸುಮ್ನಿರಿ. ಮೊದಲ ಕಂತಿಗೆ ಆಗುತ್ತೆ."