ಸಮುದ್ರವಿಲ್ಲದ ಊರಿನ ಹಡಗು ತಜ್ಞ

ಹಡಗುಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ತಿರುಪ್ಪೂರಿನ ಪಕ್ಕದ ನಮ್ಮೂರು ಅವಿನಾಶಿಯಲ್ಲಿ ಇಲ್ಲ. ಮೈಸೂರಿನ ಮದುವೆಮನೆಗಳಲ್ಲಿ ಹೀಗೆಂದಾಗ ನೆಂಟರು ನನ್ನ ಹೊಟ್ಟೆಯ ಕಡೆಗೊಮ್ಮೆ ನೋಡಿ, ನೌಕಾಪಡೆಯವರು ಈಗೀಗ ಇಂಥವರನ್ನೂ ಸೇರಿಸಿಕೊಳ್ಳುತ್ತಾರೇನೋ ಎಂದುಕೊಂಡು ಸುಮ್ಮನಾಗುತ್ತಾರೆ. ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಮರ್ಚಂಡೈಸರ್. ಟೀ ಶರಟು, ಚಡ್ಡಿ, ಮಕ್ಕಳ ಪೈಜಾಮಗಳನ್ನು ಕಂಟೇನರಿಗೆ ತುಂಬಿಸಿ ತೂತ್ತುಕುಡಿಗೆ ಕಳಿಸುವುದು, ಅವು ಯಾವ ಹಡಗು ಹತ್ತಿದವು, ಕೊಲಂಬೊದಲ್ಲಿ ಎಷ್ಟು ದಿನ ಕೂತವು ಎಂದು ಕಂಪ್ಯೂಟರಿನಲ್ಲಿ ನೋಡಿ ನಿಟ್ಟುಸಿರು ಬಿಡುವುದು ನನ್ನ ಉದ್ಯೋಗ. 2021ರ ಮಾರ್ಚಿನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಾಗ, ಅದು ಬಿಡಿಸಿಕೊಳ್ಳುವವರೆಗಿನ ಆರು ದಿನವೂ ನಮ್ಮ ಮನೆಯಲ್ಲಿ ಸೂತಕದ ಕಳೆ. 2023ರ ಕೊನೆಗೆ ಕೆಂಪು ಸಮುದ್ರದ ಗಲಾಟೆ ಶುರುವಾಗಿ ಹಡಗುಗಳೆಲ್ಲ ಆಫ್ರಿಕಾಕ್ಕೆ ಪ್ರದಕ್ಷಿಣೆ ಹಾಕತೊಡಗಿದಾಗ, ಗುಡ್ ಹೋಪ್ ಭೂಶಿರದ ಹವಾಮಾನವನ್ನು ತರಕಾರಿ ಗಾಡಿಯವನಿಗೂ ವಿವರಿಸಿದ್ದೆ. ನಾನು ಕಳಿಸಿದ ಚಡ್ಡಿಗಳು ಹ್ಯಾಂಬರ್ಗ್ ನೋಡಿವೆ, ರಾಟರ್‌ಡ್ಯಾಮ್ ನೋಡಿವೆ. ನಾನು ಊಟಿಯ ಬೋಟ್ ಹೌಸ್ ನೋಡಿದ್ದೇನೆ.

ಊರಿನ ಪಾಲೂ ಇದರಲ್ಲಿದೆ. ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಿಗೆ ಒಂದಿಂಚು ಕಡಲತೀರವಿಲ್ಲ. ಅರಬ್ಬಿ ಸಮುದ್ರದ ಗಾಳಿ ಮಾತ್ರ ಪಾಲಕ್ಕಾಡಿನ ಕಣಿವೆಯಲ್ಲಿ ನುಗ್ಗಿ ಬಂದು ಪಲ್ಲಡಂ, ಉಡುಮಲೈಗಳ ಗಾಳಿಯಂತ್ರ ತಿರುಗಿಸಿ ಹೋಗುತ್ತದೆ. ಇರುಗೂರಿನಲ್ಲಿ ಒಂದು ಬಂದರೇ ಇದೆ. ಅಲ್ಲಿ ಕಸ್ಟಮ್ಸ್ ಇದೆ, ಕಂಟೇನರುಗಳಿವೆ, ರೈಲಿದೆ, ನೀರೊಂದಿಲ್ಲ. ಒಣ ಬಂದರು ಎನ್ನುತ್ತಾರೆ. ನಾನು ಆ ಬಂದರಿಗೆ ತಕ್ಕ ನಾವಿಕ.

ಐದನೇ ಕ್ಲಾಸಿನ ಮಗಳ ಗೆಳತಿಯೊಬ್ಬಳು ಸಿಂಗಾಪುರದಿಂದ ಹೊರಡುವ ಹಡಗಿನಲ್ಲಿ ಜಾರುಬಂಡೆ ಜಾರಿ, ಮೂರು ಹೊತ್ತೂ ಐಸ್‌ಕ್ರೀಮ್ ತಿಂದು ಬಂದಳಂತೆ. ಸಿಂಗಾಪುರ ಬಹಳ ದೂರ ಪುಟ್ಟಿ ಅಂದೆ. “ಕೊಯಮತ್ತೂರಿಂದ ನೇರ ವಿಮಾನ ಇದೆಯಲ್ಲಪ್ಪ” ಅಂದಳು. ಈ ಊರಿಗೆ ಸಮುದ್ರ ಕೊಡದವರು ವಿಮಾನ ಯಾಕೆ ಕೊಟ್ಟರೋ. “ನೀನೇ ಎಲ್ಲಾ ಹಡಗೂ ಗೊತ್ತು ಅಂತೀಯಲ್ಲ, ನಮಗೆ ಯಾವುದು ಸರಿ ಹೇಳು” ಎಂದು ಮಗಳು ಎದುರಿಗೆ ಕೂತಳು. ಹೆಂಡತಿ ಒಗ್ಗರಣೆ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು, ಇಂಥ ಅವಕಾಶ ದಿನಾ ಸಿಗುವುದಿಲ್ಲ ಎಂಬಂತೆ.

ತಿರುಪ್ಪೂರಿನ ಮರ್ಚಂಡೈಸರ್‌ಗೆ ಕಷ್ಟ ಬಂದಾಗ ಅವನು ದೇವರನ್ನು ನೆನೆಯುವುದಿಲ್ಲ, ಕಾಸ್ಟಿಂಗ್ ಶೀಟ್ ತೆರೆಯುತ್ತಾನೆ. ನೂಲು, ನಿಟ್ಟಿಂಗ್, ಡೈಯಿಂಗ್, ಪ್ರಿಂಟಿಂಗ್ ಎಂದು ಬರೆಯುವ ಕಾಲಂಗಳಲ್ಲಿ ಟಿಕೆಟ್, ಬಂದರು ಶುಲ್ಕ, ತೆರಿಗೆ, ಟಿಪ್ಸ್ ಎಂದು ತುಂಬಿದೆ. ಎಂಥ ಪರಿಚಿತ ಲೋಕ! ಕಂಟೇನರಿನ ಬಾಡಿಗೆ ಒಂದು ಹೇಳಿ, ಆಮೇಲೆ ಎಣ್ಣೆಯ ಸರ್ಚಾರ್ಜು, ಟರ್ಮಿನಲ್ ಚಾರ್ಜು, ಸೀಸನ್ ಸರ್ಚಾರ್ಜು ಎಂದು ಬಾಲ ಬೆಳೆಸುತ್ತಾರಲ್ಲ, ಮನುಷ್ಯರನ್ನು ಸಾಗಿಸುವವರೂ ಅದೇ ಗುರುಕುಲದವರು. ಜಾಹೀರಾತಿನಲ್ಲಿ ದಪ್ಪಕ್ಷರದ ದರ ಒಬ್ಬರಿಗೆ. ಅದೂ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ. ಒಬ್ಬನೇ ಇರುತ್ತೇನೆಂದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಅಭ್ಯಾಸಬಲದಿಂದ ಕೊನೆಯಲ್ಲಿ ಮೂರು ಪರ್ಸೆಂಟ್ ರಿಜೆಕ್ಷನ್ ಅಂತಲೂ ಸೇರಿಸಿಬಿಟ್ಟೆ. ಮನೆಯಲ್ಲಿ ರಿಜೆಕ್ಟ್ ಆಗೋರು ಯಾರು ಎಂದು ಹೆಂಡತಿ ಕೇಳಿದಳು. ಮಾತು ಮರೆಸಲು ಎಫ್‌ಒಬಿಯ ಪಾಠ ಶುರುಮಾಡಿದೆ: ಸರಕು ಬಂದರಿನಲ್ಲಿ ಹಡಗು ಹತ್ತುವ ತನಕ ಖರ್ಚು, ಜವಾಬ್ದಾರಿ ಎಲ್ಲ ಕಳಿಸುವವನದು, ಹತ್ತಿದ ಮೇಲೆ ತಗೊಳ್ಳುವವನದು, ಆಮೇಲೆ ಮುಳುಗಿದರೂ ನಮಗೆ ಸಂಬಂಧವಿಲ್ಲ. ಅವಳು ಕರಿಬೇವು ಬಿಡಿಸುತ್ತ “ಹೂಂ, ಹೂಂ” ಎಂದು ಬಹಳ ಗಮನ ಕೊಟ್ಟು ಕೇಳಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನನ್ನ ಮೊದಲ ಆಯ್ಕೆ ಲೆಕ್ಕದ ಮೇಲೆ ನಿಂತದ್ದು. ನಾಗಪಟ್ಟಿಣದಿಂದ ಶ್ರೀಲಂಕಾದ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಹಡಗು ಶುರುವಾಗಿ, ನಿಂತು, 2024ರ ಆಗಸ್ಟಿನಲ್ಲಿ ‘ಶಿವಗಂಗೈ’ ಎಂಬ ಇನ್ನೊಂದು ಹಡಗಿನೊಂದಿಗೆ ಮತ್ತೆ ಶುರುವಾಗಿತ್ತು. ಸುಮಾರು 60 ನಾಟಿಕಲ್ ಮೈಲಿ, ನಾಲ್ಕು ಗಂಟೆಯ ದಾರಿ, ಪಾಸ್‌ಪೋರ್ಟಿಗೆ ಸೀಲು. ಇದಕ್ಕಿಂತ ಅಗ್ಗದ ವಿದೇಶ ಯಾತ್ರೆ ಉಂಟೆ?

“ರೀ, ಊಟ?” ಎಂದಳು ಹೆಂಡತಿ.

“ನಾಲ್ಕು ಗಂಟೆ ತಾನೆ, ಪುಳಿಯೋಗರೆ ಕಟ್ಟಿಕೊಂಡರಾಯ್ತು.”

“ನಾನು ಡಬ್ಬಿ ಕಟ್ಟೋ ಟ್ರಿಪ್ಪು ಯಾವುದೂ ಕ್ರೂಸ್ ಅಲ್ಲ.”

ಹಡಗು ಕಂಪನಿಗಳು ಲಕ್ಷಗಟ್ಟಲೆ ಸುರಿದು ಮಾಡಿಸುವ ಜಾಹೀರಾತಿನಲ್ಲೂ ಕ್ರೂಸಿಗೆ ಇಷ್ಟು ಚೊಕ್ಕ ವ್ಯಾಖ್ಯೆ ನಾನು ಕಂಡಿಲ್ಲ. ಕೊಚ್ಚಿಯಲ್ಲಿ ಕೇರಳ ಸರ್ಕಾರದ ನಿಗಮ 2018ರಿಂದ ಓಡಿಸುವ ‘ನೆಫರ್ಟಿಟಿ’ ಎಂಬ ಈಜಿಪ್ಟ್ ಅಲಂಕಾರದ ಹಡಗಿದೆ, ಇನ್ನೂರು ಜನ ಹಿಡಿಯುತ್ತದೆ, ಕೆಲವು ಗಂಟೆಗಳಲ್ಲಿ ಸಮುದ್ರ ತೋರಿಸಿ ವಾಪಸು ಬಿಡುತ್ತದೆ ಅಂದೆ. ರಾತ್ರಿ ಮಲಗದಿದ್ದರೆ ಅದು ಹಡಗೇ ಅಲ್ಲವೆಂದು ಮಗಳು ತಳ್ಳಿಹಾಕಿದಳು. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹೋಗುವ ಎಂ.ವಿ. ಕವರತ್ತಿಯಲ್ಲಿ ರಾತ್ರಿ ಮಲಗಬಹುದು, ಹಗಲು ದ್ವೀಪ ಸುತ್ತಬಹುದು. ಅಲ್ಲಿಗೆ ಹೋಗಲು ಪರ್ಮಿಟ್ಟಿನ ಕಾಗದಪತ್ರ ಬೇಕು ಎಂದಾಗ ನನಗೆ ಉತ್ಸಾಹವೇ ಬಂದಿತ್ತು. ಆದರೆ ಹಡಗು ಹವಳದ ದಿಬ್ಬದಾಚೆಯೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ನಮ್ಮಮ್ಮ ಸಿಟಿ ಬಸ್ಸಿನ ಮೆಟ್ಟಿಲಿಳಿಯುವಾಗಲೇ ಇಬ್ಬರು ಕಂಡಕ್ಟರ್ ಬೇಕೆನ್ನುವವರು.

ಅಮ್ಮನ ನಿಜವಾದ ಆಕ್ಷೇಪ ಮೆಟ್ಟಿಲಿನದಲ್ಲ, ಮೊಸಳೆಯದು. ಅವಿನಾಶಿಯ ಸ್ಥಳಪುರಾಣ ಗೊತ್ತಿರುವವರಿಗೆ ಇದು ಅರ್ಥವಾದೀತು: ಇಲ್ಲಿಯ ಕೆರೆಯಲ್ಲಿ ಮೊಸಳೆ ಒಬ್ಬ ಹುಡುಗನನ್ನು ನುಂಗಿತ್ತು, ವರ್ಷಗಳ ಮೇಲೆ ಶಿವಭಕ್ತ ಕವಿ ಸುಂದರರು ಬಂದು ಹಾಡಿದಾಗ ಅದು ಆ ಹುಡುಗನನ್ನು ಅಷ್ಟೂ ವರ್ಷ ಬೆಳೆದ ಮೈಯಲ್ಲೇ ತಂದು ದಡಕ್ಕೆ ಬಿಟ್ಟಿತು. ಸಮುದ್ರದಲ್ಲಿ ಮೊಸಳೆ ಇರಲ್ಲಮ್ಮ ಎಂದೆ. “ಕೆರೆಯ ಮೊಸಳೆಗೆ ಸುಂದರರು ಬಂದರು. ಸಮುದ್ರದಲ್ಲಿ ಹಾಡೋಕೆ ನೀನು ಹೋಗ್ತೀಯಾ?” ಎಂದರು ಅಮ್ಮ. ನನ್ನ ಹಾಡುಗಾರಿಕೆಯ ಮೇಲೆ ಮನೆಯಲ್ಲಿ ಯಾರಿಗೂ ಭರವಸೆಯಿಲ್ಲ. ಅಷ್ಟು ವರ್ಷ ಮೊಸಳೆಯ ಹೊಟ್ಟೆಯಲ್ಲಿದ್ದರೆ ಹಾಜರಾತಿ ಏನಾಯ್ತು ಎಂಬುದು ಮಗಳ ಚಿಂತೆ.

ಇನ್ನು ಹೇಳಬೇಕಾದ್ದು ‘ಎಂಪ್ರೆಸ್’. 2021ರಿಂದ ಕಾರ್ಡೀಲಿಯಾದವರು ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪ ಎಂದು ಓಡಿಸುತ್ತಿರುವ ಹಡಗು ಅದು. 2022ರ ಜೂನಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಬಾವುಟ ತೋರಿಸಿ ಚೆನ್ನೈಯಿಂದಲೂ ಅದನ್ನು ಹೊರಡಿಸಿದ್ದರು; ಒಳಗೆ ಜೂಜಿನ ಕೋಣೆ ಇದೆಯೆಂಬ ಗದ್ದಲದಲ್ಲಿ ಪುದುಚೇರಿಯವರು ತಮ್ಮ ದಡಕ್ಕೆ ಸೇರಿಸಿರಲಿಲ್ಲ. ಜೂಜು ಎಂದಾಗ ಅಮ್ಮ ಕಿವಿ ಮುಚ್ಚಿಕೊಂಡರು. ಆದರೆ ಅದರ ಜಾತಕ ಓದಿದಾಗ ಕರಗಿದರು. 1990ರಲ್ಲಿ ಫ್ರಾನ್ಸಿನಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂದು ಹುಟ್ಟಿ, ನಡುವೆ ‘ಎಂಪ್ರೆಸ್ ಆಫ್ ದಿ ಸೀಸ್’ ಆಗಿ, ಅಮೆರಿಕದ ಕಡೆ ಬಾಳಿ, ಈಗ ಬರೀ ‘ಎಂಪ್ರೆಸ್’ ಆಗಿ ನಮ್ಮ ಕಡೆ ಬಂದಿದ್ದಾಳೆ ಎಂದೆ. “ಪಾಪ, ಎಷ್ಟು ಮನೆ ಸೇರಿದಳೋ!” ಎಂದರು ಅಮ್ಮ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನರ ಊಟವೂ ಸಿಗುತ್ತದೆಂದು ಹೆಂಡತಿ ಸೇರಿಸಿದ್ದೇ ತಡ, ಮೊಸಳೆ ನೀರಿಗಿಳಿದು ಹೋಯಿತು.

ಕ್ಯಾಬಿನ್ನಿನ ವಿಚಾರದಲ್ಲಿ ನಾನು ಹೋರಾಡದೆ ಬಿಟ್ಟುಕೊಟ್ಟವನಲ್ಲ. ಕಿಟಕಿಯಿಲ್ಲದ ಒಳಗಿನ ಕೋಣೆ ಅಗ್ಗ. ನಿದ್ದೆಗೆ ಕಿಟಕಿ ಯಾಕೆ ಎಂದು ವಾದಿಸಿದೆ. “ದುಡ್ಡು ಕೊಟ್ಟು ಸಮುದ್ರದ ಮೇಲೆ ಹೋಗಿ ಗೋಡೆ ನೋಡೋದಾದರೆ ನಿಮ್ಮ ಸ್ಯಾಂಪಲ್ ರೂಮಿನಲ್ಲೇ ಚಾಪೆ ಹಾಸಿಕೊಡಿ” ಎಂದಳು ಹೆಂಡತಿ. ಶೀಟಿನಲ್ಲಿ ‘ಬಾಲ್ಕನಿ’ ಎಂದು ತಿದ್ದಿದೆ. ಕೆಳಗಿನ ಮೊತ್ತ ಕೆಂಪಾಯಿತು.

ದಿನಾಂಕ ನೋಡಲು ಹೋದಾಗ ತಿಳಿಯಿತು, ಇಡೀ ಹಿಂದೂ ಮಹಾಸಾಗರ ತಮಿಳುನಾಡಿನ ಶಾಲೆಗಳ ವಿರುದ್ಧ ಸಂಚು ಹೂಡಿದೆ. ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿದು ಮೇ ರಜೆ ಬಂದಾಗ ನನಗೆ ಚಳಿಗಾಲದ ಬಟ್ಟೆಗಳ ಶಿಪ್‌ಮೆಂಟ್. ಜೂನಿನಿಂದ ಅರಬ್ಬಿ ಸಮುದ್ರಕ್ಕೆ ಮುಂಗಾರು. ಸೆಪ್ಟೆಂಬರಿನ ಕ್ವಾರ್ಟರ್ಲಿ ರಜೆಗೆ ಅಂಟಿಕೊಂಡು ದಸರಾ. ಅಮ್ಮ ಗೊಂಬೆ ಇಡಬೇಕು, ವಿಜಯದಶಮಿಗೆ ನಮ್ಮ ಬೀದಿಯ ದೇವಾಂಗರ ಮನೆಯವರ ಜೊತೆ ಕೊಯಮತ್ತೂರಿಗೆ ಹೋಗಿ, ಗಂಡಸರು ಕತ್ತಿಯಿಂದ ಎದೆ ತೋಳು ಕುಯ್ದುಕೊಳ್ಳುತ್ತ ಚೌಡೇಶ್ವರಿಯನ್ನು ಕರೆತರುವ ಮೆರವಣಿಗೆ ನೋಡಿ, ನಾನು ತಲೆಸುತ್ತಿ ಕೂರಬೇಕು. ಬೋನಸ್ ಹಂಚಿ ತಿರುಪ್ಪೂರಿಗೆ ತಿರುಪ್ಪೂರೇ ಬೀಗ ಹಾಕಿಕೊಳ್ಳುವ ದೀಪಾವಳಿಯಲ್ಲಿ ನಾನು ಫ್ರೀ; ಆಗ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಸೀಸನ್. ಉಳಿದದ್ದು ಡಿಸೆಂಬರಿನ ಹಾಫ್ ಇಯರ್ಲಿ ರಜೆ. ಸಮುದ್ರ ಶಾಂತ, ಶಾಲೆ ಶಾಂತ, ದರ ಮಾತ್ರ ಭೋರ್ಗರೆಯುತ್ತಿತ್ತು. ನನ್ನ ಸಮ್ಮರ್ ಸ್ಟೈಲ್‌ಗಳು ಪ್ಯಾಕಿಂಗ್ ಟೇಬಲ್ ಮೇಲಿರುವುದೂ ಆಗಲೇ.

ಈ ನಡುವೆ ಮಗಳು ಕೇಳಿದ ಪ್ರಶ್ನೆಗೆ ಯಾವ ಕ್ರೂಸ್ ಏಜೆಂಟನೂ ಸಿದ್ಧನಿರಲಿಲ್ಲ. “ಅಷ್ಟೊಂದು ಜನ ಕಕ್ಕಸಿಗೆ ಹೋಗಿದ್ದು ಎಲ್ಲಿ ಹೋಗುತ್ತೆ?” ತಿರುಪ್ಪೂರು ಕಡೆಯ ಮಕ್ಕಳಿಗೆ ಈ ಪ್ರಶ್ನೆ ಹುಟ್ಟು ಗುಣ. ನೊಯ್ಯಲ್ ಹೊಳೆಗೆ ಬಣ್ಣದ ನೀರು ಬಿಟ್ಟು ಬಿಟ್ಟು ಒರತ್ತುಪಾಳಯಂ ಅಣೆಕಟ್ಟೇ ಡೈಯಿಂಗ್ ತೊಟ್ಟಿಯಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಫ್ಯಾಕ್ಟರಿಗಳಿಗೆ ಬೀಗ ಹಾಕಿಸಿದ ಊರು ಇದು; ಒಂದು ತೊಟ್ಟು ಹೊರಗೆ ಬಿಡಬಾರದು ಎಂಬ ನಿಯಮವನ್ನು ಇಲ್ಲಿಯ ಮಕ್ಕಳು ಮಗ್ಗಿಯ ಜೊತೆಗೇ ಕಲಿಯುತ್ತಾರೆ. ಓದಿ ನೋಡಿದೆ. ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಪುಡಿ ಮಾಡಿ, ಸೋಂಕು ಕಳೆದದ್ದನ್ನು ದಡದಿಂದ 3 ನಾಟಿಕಲ್ ಮೈಲಿ ದಾಟಿದ ಮೇಲೆ ಬಿಡಬಹುದು. ಹಾಗೇ ಇದ್ದದ್ದನ್ನು 12 ಮೈಲಿ ದಾಟಿದ ಮೇಲೆ, ಅದೂ ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಓಡುತ್ತಿರುವಾಗ, ಸ್ವಲ್ಪ ಸ್ವಲ್ಪವಾಗಿ. ಕುಡಿಯುವ ನೀರನ್ನು ಹಡಗಿನವರು ಸಮುದ್ರದಿಂದಲೇ ಸೋಸಿ ಮಾಡಿಕೊಳ್ಳಬಲ್ಲರು ಎಂದೂ ಜಂಬದಿಂದ ಹೇಳಿದೆ. ಮಗಳು ಈ ಎರಡು ಮಾಹಿತಿಗಳನ್ನು ಜೋಡಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾರನೇ ದಿನ ಸಿರುವಾಣಿ ನೀರು ಕುಡಿದು ಬೆಳೆದ ಕೊಯಮತ್ತೂರಿನ ಅವಳ ಸೋದರಮಾವ ಫೋನ್ ಮಾಡಿ, ಎರಡು ಕ್ಯಾನ್ ಸಿರುವಾಣಿ ಕಳಿಸಲೇ ಎಂದ.

ಬಲ್ಕ್ ಆರ್ಡರಿಗೆ ಮುನ್ನ ಪಿಪಿ ಸ್ಯಾಂಪಲ್ ಮಾಡಿ ಅಪ್ರೂವಲ್ ತಗೊಳ್ಳದೆ ತಿರುಪ್ಪೂರಿನಲ್ಲಿ ಯಾರೂ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಹಾಗಾಗಿ ಒಂದು ಭಾನುವಾರ ಎಲ್ಲರನ್ನೂ ಕೊಯಮತ್ತೂರಿನ ವಾಲಾಂಕುಳಂ ಕೆರೆಗೆ ಕರೆದುಕೊಂಡು ಹೋದೆ. ಪೆಡಲ್ ಬೋಟು. ಉದ್ದೇಶ, ಯಾರಿಗೆ ಹಡಗಿನ ವಾಕರಿಕೆ ಬರುತ್ತದೆ ಎಂಬ ಪರೀಕ್ಷೆ. ಅಮ್ಮ ಲೈಫ್ ಜಾಕೆಟ್ಟಿನ ಮೇಲೆ ಸೆರಗು ಹೊದ್ದು, ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂತರು. ಹೆಂಡತಿ, ಮಗಳು ತುಳಿದರು. ಬೈಪಾಸಿನಲ್ಲಿ ಲಾರಿಗಳು ಹೋಗುತ್ತಿದ್ದವು, ಕೆರೆಯಲ್ಲಿ ಅಲೆ ಎನ್ನುವಂಥದ್ದೇನೂ ಇರಲಿಲ್ಲ. ದಡದಿಂದ ನಾಲ್ಕು ಮಾರು ಹೋಗಿರಬೇಕು, ನನಗೆ ಬೆನ್ನು ತಣ್ಣಗಾಗಿ, ಬಾಯಲ್ಲಿ ನೀರೂರಿ, ಬೆಳಗಿನ ಪೊಂಗಲ್ ತನ್ನ ಇರವನ್ನು ನೆನಪಿಸತೊಡಗಿತು. ಅಮ್ಮ ಮಾತಿಲ್ಲದೆ ನಿಂಬೆಹಣ್ಣನ್ನು ನನ್ನ ಕೈಗೆ ದಾಟಿಸಿದರು. ಅಲ್ಲಿಂದ ದಡಕ್ಕೆ ಬರುವ ತನಕ ನಾನು ಅದನ್ನು ಮೂಸುತ್ತ, ಗುಡ್ ಹೋಪ್ ಭೂಶಿರದ ಕಡೆಗೆ ಯೋಚನೆ ಹೋಗದಂತೆ ಕಣ್ಣು ಮುಚ್ಚಿ ಕೂತಿದ್ದೆ. “ಅಪ್ಪ, ನೀರು ಅಲ್ಲಾಡ್ತಾನೇ ಇಲ್ಲ” ಎಂದು ಮಗಳು ನನಗೆ ಧೈರ್ಯ ಹೇಳಿದಳು.

ಆ ರಾತ್ರಿ ಹೆಂಡತಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಾಸ್ಟಿಂಗ್ ಶೀಟಿನಲ್ಲಿ ‘ಪ್ಯಾಕ್ಸ್ 4’ ಎಂದಿದ್ದ ಕಡೆ 3 ಎಂದು ಒತ್ತಿದಳು. ಕೆಂಪು ಮೊತ್ತ ಕಪ್ಪಾಯಿತು.

“ಬಾಲ್ಕನಿ ಕ್ಯಾಬಿನ್ನಿಗೆ ಮೂರು ಜನ. ಅತ್ತೆ, ನಾನು, ಪುಟ್ಟಿ. ನಾಲ್ಕನೆಯವರಿಗೆ ಇನ್ನೊಂದು ಕ್ಯಾಬಿನ್ನು ತಗೊಂಡರೆ ಒಬ್ಬರಿಗೇ ಇಬ್ಬರ ದುಡ್ಡು. ನಿಮಗೆ ಹೇಗೂ ಡಿಸೆಂಬರ್ ಶಿಪ್‌ಮೆಂಟು.”

“ಮತ್ತೆ ನಾನು?”

“ವಾಳಯಾರ್ ದಾಟಿಸಿ, ಕುದಿರಾನ್ ಸುರಂಗ ದಾಟಿಸಿ, ಕೊಚ್ಚಿಯ ಸಾಗರಿಕಾ ಟರ್ಮಿನಲ್ಲಿನ ತನಕ ನೀವೇ ಬಿಡಬೇಕು. ನಾವು ಹಡಗು ಹತ್ತೋವರೆಗೆ ಖರ್ಚು, ಜವಾಬ್ದಾರಿ ಎಲ್ಲಾ ನಿಮ್ಮದು. ನೀವೇ ಹೇಳಿದ್ದಲ್ವಾ, ಅದೇನದು, ಎಫ್‌ಒಬಿ.”

ವೃತ್ತಿಯಲ್ಲಿರುವವನು ನಿಯಮಕ್ಕೆ ಎದುರಾಡುವಂತಿಲ್ಲ. ಮಗಳು ಆಗಲೇ ಆಫೀಸಿನ ದಪ್ಪ ಮಾರ್ಕರ್ ತಂದು, ಕಾರ್ಟನ್ನಿಗೆ ಹಾಕುವ ಹಾಗೆ ತಮ್ಮ ಪೆಟ್ಟಿಗೆಗಳಿಗೂ ಮಾರ್ಕ್ ಹಾಕಿಕೊಡು ಎಂದು ನಿಂತಿದ್ದಳು. ಒಂದರ ಮೇಲೆ ಸ್ಟೈಲ್ ನಂಬರು, ಒಂದರ ಮೇಲೆ ನೆಟ್ ತೂಕ, ಗ್ರಾಸ್ ತೂಕ ಬರೆದೆ. ಅಮ್ಮನ ಉಪ್ಪಿನಕಾಯಿ ಜಾಡಿಯಿರುವ ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕಿ ‘ಈ ಬದಿ ಮೇಲೆ’ ಎಂದು ಬರೆಯುತ್ತಿದ್ದಾಗ ಅಮ್ಮ ಕೇಳಿದರು, “ನಿನ್ನ ಊಟಕ್ಕೆ ಏನು ಮಾಡ್ಕೋತೀಯೋ?”

ಪುಳಿಯೋಗರೆ ಗೊಜ್ಜು ಡಬ್ಬಿಯಲ್ಲಿದೆ, ಎಂದಳು ಹೆಂಡತಿ.