ಹಾಡುಗಾರರಿಗೆ ಮೊದಲು ಊಟ ಹಾಕ್ರಿ: ಲೋಂಡಾದ ಮಟನ್ ಪ್ಯಾಟಿಸ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ನಮ್ಮ ಪತ್ರಿಕೆಗಳಲ್ಲಿ ಹಾಡುವವರ ಸಂದರ್ಶನ ಬರುತ್ತದೆ. ಹಾಡಿಸುವವರದೂ ಬರುತ್ತದೆ. ಹಾಡಿಗೆ ಮುನ್ನ ಮುಕ್ಕಾಲು ತಾಸು ಭಾಷಣ ಮಾಡಿದವರದಂತೂ ಭಾವಚಿತ್ರ ಸಮೇತ ಬರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹಸಿದ ತಬಲಾದವರ ಕೈಗೆ ಸಿಗುವ ಪದಾರ್ಥವನ್ನು ಮಾತ್ರ ಈವರೆಗೆ ಯಾರೂ ಮಾತನಾಡಿಸಿಲ್ಲ. ಈ ಅನ್ಯಾಯ ಸರಿಪಡಿಸಲು ಖಾನಾಪುರ ತಾಲೂಕಿನ ಲೋಂಡಾಕ್ಕೆ ಹೋದೆವು. ಬೆಳಗಾವಿ, ಹುಬ್ಬಳ್ಳಿ, ಗೋವಾ ಮೂರೂ ಕಡೆಯ ಹಳಿಗಳು ಕೂಡುವ ಜಂಕ್ಷನ್ ಅದು. ಬೇಕರಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ, ಹಳದಿ ಬಲ್ಬಿನ ಕೆಳಗೆ, ಸಮ್ಮೇಳನಾಧ್ಯಕ್ಷರ ಠೀವಿಯಲ್ಲಿ ಕೂತಿದ್ದ ಮಟನ್ ಪ್ಯಾಟಿಸ್ ನಮಗಾಗಿಯೇ ಕಾದಂತಿತ್ತು.

ನಮಸ್ಕಾರ. ಆರಾಮಾ?

ಆರಾಮ ಎಲ್ಲೀದ್ರೀ? ಮುಂಜಾನೆ ಎಂಟಕ್ಕ ಒಲಿಯಿಂದ ಹೊರಗ ಬಂದೀನಿ, ಈಗ ಸಂಜಿ ಐದು. ತಲಿ ಮ್ಯಾಲೆ ಒಂದು ಬಲ್ಬ್ ಹಚ್ಯಾರ ನೋಡ್ರಿ. ಅದರ ಕೆಲಸ ನನ್ನ ಬಿಸಿ ಇಡೂದಲ್ಲ, ಬಿಸಿ ಇದ್ದಂಗ ಕಾಣಿಸೂದು. ಸಾಂಸ್ಕೃತಿಕ ಉತ್ಸವಕ್ಕ ಲೈಟಿಂಗ್ ಮಾಡ್ತಾರಲ್ಲ, ಅದೇ ಖಾತೆ.

ನಿಮ್ಮ ಮನೆತನದ ಬಗ್ಗೆ ಓದುಗರಿಗೆ ಹೇಳಿ.

ದೊಡ್ಡ ಮನೆತನ ಬಿಡ್ರಿ. ಇಂಗ್ಲೆಂಡಿನಾಗ ಮೆಲ್ಟನ್ ಮೋಬ್ರೆ ಅಂತ ಊರು. ಅಲ್ಲಿಯ ಹಂದಿಮಾಂಸದ ಪೈಗೆ 2009ರಾಗ ಯುರೋಪಿನ ಭೌಗೋಳಿಕ ಮಾನ್ಯತೆ ಸಿಕ್ತು. ಕಾರ್ನ್‌ವಾಲಿನ ಪೇಸ್ಟಿಗೆ 2011ರಾಗ. ಆ ಪೇಸ್ಟಿ ಗಣಿಗಾರರ ಬುತ್ತಿ. ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದ ಕಾರ್ನಿಷ್ ಮಂದಿ ಅದನ್ನ ತಿಂದು ಬೆಳೆದವರು. ಇತ್ತ ಗೋವಾದಾಗ ಪೋರ್ಚುಗೀಸರು ಬ್ರೆಡ್ಡಿನ ಒಲಿ ಹಚ್ಚಿದರು, ಬೆಳಗಾವಿ ಕ್ಯಾಂಪಿನಾಗ ಇಂಗ್ಲಿಷ್ ಪಲ್ಟಣ ಕುಂತಿತ್ತು. ನಾನು ಯಾರ ಮನಿ ಕೂಸು ಅಂತ ಕೇಳಿದ್ರ ಎಲ್ಲಾರೂ ನಮ್ಮದು ಅಂತಾರ, ರೇಷನ್ ಕಾರ್ಡಿನಾಗ ಮಾತ್ರ ಯಾರೂ ಹೆಸರು ಹಚ್ಚೂದಿಲ್ಲ. ಗಡಿ ತಂಟೆ ಬಗಿಹರಿಸಾಕ ಮಹಾಜನ ಆಯೋಗ 1967ರಾಗ ವರದಿ ಕೊಡ್ತು. ಊರು ಊರು ಹಂಚಿದರು, ನನ್ನ ಬಗ್ಗೆ ಒಂದು ಸಾಲಿಲ್ಲ. ಅದಕ್ಕ ಇವತ್ತಿಗೂ ಕನ್ನಡದಾಗ ಆರ್ಡರ್ ಕೊಟ್ಟರೂ ಬರ್ತೀನಿ, ಮರಾಠಿ, ಕೊಂಕಣಿಯಾಗ ಕೊಟ್ಟರೂ ಬರ್ತೀನಿ.

ಮುಜುಗರದ ಪ್ರಶ್ನೆ. ನಿಮ್ಮೊಳಗೆ ಮಟನ್ ಎಷ್ಟಿದೆ?

ಇದು ಪರ್ಸನಲ್ ಆತು. ಇರ್ಲಿ, ಹೇಳ್ತೀನಿ. ನಿಮ್ಮ ಕಡೆ ‘ಸಂಗೀತ ರಸಸಂಜೆ’ ಅಂತ ಪತ್ರಿಕೆ ಹಂಚ್ತೀರಿ. ಮೂರು ತಾಸಿನ ಕಾರ್ಯಕ್ರಮ. ಅದರಾಗ ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗೂದು, ದೀಪ ಆರಿದ್ದಕ್ಕ ಮತ್ತ ಬೆಳಗೂದು, ಸನ್ಮಾನ, ಸನ್ಮಾನಿತರ ಎರಡು ಮಾತು, ಅಧ್ಯಕ್ಷರ ಇಪ್ಪತ್ತು ಮಾತು, ವಂದನಾರ್ಪಣೆ. ಹಾಡು ಎಷ್ಟು ಉಳೀತು? ಅಷ್ಟೇ ಮಟನ್ ನನ್ನೊಳಗ ಐತಿ. ಉಳಿದದ್ದು ಉಳ್ಳಾಗಡ್ಡಿ.

ಆದರೂ ಹೊರಗಿನ ಪದರಗಳು ಚೆನ್ನಾಗಿವೆ.

ಅದಕ್ಕ ಮೋಸ ನಡಿಯೂದಿಲ್ರೀ. ಹಿಟ್ಟು ನಾದಿ, ನಡುವ ಕೊಬ್ಬು ಇಟ್ಟು, ಮಡಚಿ ಲಟ್ಟಿಸಬೇಕು. ತಣ್ಣಗಾಗಾಕ ಬಿಟ್ಟು ಮತ್ತ ಮಡಚಬೇಕು, ಮತ್ತ ಲಟ್ಟಿಸಬೇಕು. ನನ್ನೊಳಗ ಯೀಸ್ಟ್ ಇಲ್ಲ, ಸೋಡಾ ಇಲ್ಲ. ಒಲಿಯ ಶಾಖಕ್ಕ ಹಿಟ್ಟಿನಾಗಿನ ನೀರು ಆವಿಯಾಗಿ ಒಂದೊಂದು ಪದರ ಎತ್ತತೈತಿ. ಗಡಿಬಿಡಿ ಮಾಡಿದ್ರ ಕೊಬ್ಬು ಕರಗಿ ಹಿಟ್ಟಿಗೆ ಅಂಟತೈತಿ, ನಾನು ಬಿಸ್ಕೀಟ್ ಆಗಿಬಿಡ್ತೀನಿ. ರಿಯಾಜ್ ಇಲ್ಲದ ತಾನ್ ಕೇಳೀರಲ್ಲ, ಹಂಗ ಚಪ್ಪಟಿ.

ಲೋಂಡಾಕ್ಕೂ ಸಂಗೀತಕ್ಕೂ ಏನು ಸಂಬಂಧ? ಇಲ್ಲಿ ಸಭಾಭವನವೂ ಕಾಣುವುದಿಲ್ಲ.

ಸಭಾಭವನ ಯಾಕ ಬೇಕ್ರೀ, ಪ್ಲಾಟ್‌ಫಾರ್ಮ್ ಐತಿ. ಗೋವಾದ ಚರ್ಚಿನ ಶಾಲೆಗಳಾಗ ಹುಡುಗರಿಗೆ ಸ್ವರಲಿಪಿ ಓದಾಕ, ಪಿಟೀಲು ಬಾರಿಸಾಕ ಕಲಿಸ್ತಿದ್ರು. ಕಲಿತವರು ಹೊಟ್ಟಿಪಾಡಿಗೆ ಮುಂಬೈಗೆ ಹೋದರು. ಆಗಿನ ಹಿಂದಿ ಸಿನಿಮಾದ ವಾದ್ಯವೃಂದದಾಗ ಬಹಳ ಮಂದಿ ಗೋವಾದವರೇ. ‘ಅಲಬೇಲಾ’ ಸಿನಿಮಾದಾಗ ಸಿ. ರಾಮಚಂದ್ರರ ಹಾಡಿಗೆ ಟ್ರಂಪೆಟ್ ಊದಿದ ಚಿಕ್ ಚಾಕೊಲೇಟ್ ಗೋವಾದ ಅಲ್ಡೋನಾದವರು. ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಆಂಥೊನಿ ಗೊನ್ಸಾಲ್ವಿಸ್ ಮಜೋರ್ಡಾದವರು. ಶಿಷ್ಯ ಗುರುವಿನ ಹೆಸರನ್ನ 1977ರಾಗ ಅಮಿತಾಭ್ ಬಚ್ಚನ್ ಬಾಯಾಗ ಹಾಡಿಸಿದ. ಕೊಂಕಣ ರೈಲ್ವೆ ಬರೂತನಕ ಗೋವಾದಿಂದ ಮುಂಬೈಗೆ ಹಳಿ ಮ್ಯಾಲೆ ಹೋಗಬೇಕಂದ್ರ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಲೋಂಡಾದ ಮ್ಯಾಲೇ ಹೋಗಬೇಕಿತ್ತು. ಟ್ರಂಪೆಟ್ಟಿನ ಪೆಟ್ಟಿಗಿ ಎಷ್ಟು ಇಲ್ಲಿ ದಾಟ್ಯಾವೋ!

ಇನ್ನೊಂದು ಹಳಿ ಮಿರಜದ್ದು. ಅಲ್ಲಿ ತಂಬೂರಿ, ಸಿತಾರ ಮಾಡ್ತಾರ. 2024ರಾಗ ಅವಕ್ಕೂ ಭೌಗೋಳಿಕ ಮಾನ್ಯತೆ ಬಂತು. ಅದೇ ಮಿರಜದಾಗ ಅಬ್ದುಲ್ ಕರೀಂ ಖಾನರು ಇದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವ ಆದರು. ಮಿರಜಕ್ಕೂ ಕುಂದಗೋಳಕ್ಕೂ ರೈಲಿನ ದಾರಿ ನನ್ನ ಮುಂದ ಹಾಸೇತಿ. ಖಾನರ ಕಿರಾಣಾ ಘರಾಣಾ ಧಾರವಾಡ ಸೀಮಿಗೆ ಹಂಗಽ ಹಾರಿ ಬರಲಿಲ್ಲ, ಥರ್ಡ್ ಕ್ಲಾಸ್ ಡಬ್ಬಿಯಾಗ ತಂಬೂರಿ ಹಿಡಕೊಂಡು ಬಂತು. ಖಾನರು ತೀರಿಕೊಂಡದ್ದೂ ಸ್ಟೇಷನ್ನಿನಾಗೇ. 1937, ಮದ್ರಾಸ್ ಕಡೆ ಸಿಂಗಪೆರುಮಾಳ್ ಕೋಯಿಲ್ ಪ್ಲಾಟ್‌ಫಾರ್ಮ್.

ಹಾಗಾದರೆ ಈಗ ಲೋಂಡಾಕ್ಕೆ ಯಾಕೆ ಆ ಮೆರುಗು ಇಲ್ಲ?

1955ರಿಂದ 1961ರ ತನಕ ಗೋವಾದ ಹಳಿನೇ ಬಂದ್ ಇತ್ತು, ಆ ಬರಗಾಲ ತಾಳಿಕೊಂಡ್ವಿ. 1998ರಾಗ ಕೊಂಕಣ ರೈಲ್ವೆ ಪೂರಾ ಆತು. ಮುಂಬೈ ಮಂದಿ ಸಮುದ್ರದ ದಂಡಿಗುಂಟ ಹೋದರು. ಮೊದಲು ಮಂದಿ ಇಲ್ಲಿ ತಾಸುಗಟ್ಟಲೆ ಕಾಯ್ತಿದ್ರು. ಕಾಯೋರು ತಿಂತಾರ, ಮಾತಾಡ್ತಾರ, ಯಾರರೇ ಹಾಡಿದ್ರ ಕೇಳ್ತಾರ. ಈಗ ಗಾಡಿ ಎರಡು ನಿಮಿಷ ನಿಲ್ತೈತಿ. ಎರಡು ನಿಮಿಷದಾಗ ಯಮನ್ ರಾಗದ ಷಡ್ಜನೂ ಹತ್ತೂದಿಲ್ಲ.

ಬೆಳಗಾವಿ ಸೀಮೆ ಕಂಡ ಅತಿ ದೊಡ್ಡ ನೇರ ಕಾರ್ಯಕ್ರಮ ಯಾವುದು?

1924ರ ಡಿಸೆಂಬರ್. ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕ. ಹುಯಿಲಗೋಳ ನಾರಾಯಣರಾಯರ ನಾಡಿನ ಹಾಡು ಮೊದಲ ಸಲ ಮೊಳಗಿದ್ದು ಅಲ್ಲೇ. ಅದೇ ವರ್ಷ ಏಪ್ರಿಲ್‌ದಾಗ, ಇಲ್ಲೇ ಸಮೀಪ ಸುಳೇಭಾವಿಯೊಳಗ ಶಿವಪುತ್ರ ಕೊಂಕಾಳಿಮಠ ಹುಟ್ಟಿದ್ದ. ಮುಂದ ಕುಮಾರ ಗಂಧರ್ವ ಆದ. ಅಧಿವೇಶನದಾಗ ಸ್ವಾಗತ ಗೀತೆ ಹಾಡಿದ ಹುಡುಗಿಯರಾಗ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಇದ್ದರು. ಗಾಂಧೀಜಿ ಮುಂದ ಹಾಡ್ತೀನಿ ಅಂತ ಅಂಜಿಕಿ ಇರಲಿಲ್ಲಂತ ಅವರಿಗೆ. ಊಟ ಆದ ಮ್ಯಾಲೆ ಎಂಜಲೆಲಿ ತಗಿ ಅಂತ ಹೇಳ್ತಾರೇನೋ ಅನ್ನೂದೇ ಅಂಜಿಕಿ. ಜಾತಿ ಅಂಥಾದ್ದು ಅಂತ ಆಮೇಲೆ ಅವರೇ ನೆನಸಿಕೊಂಡರು. ಅವರಿಗೆ ಪದ್ಮವಿಭೂಷಣ ಬಂದದ್ದು 2002ರಾಗ. ಹಾಡುವ ಗಂಟಲಾ ಬೇಕು, ಆದ್ರ ಪಂಕ್ತಿಯಾಗ ಬಾಜೂಕ ಕೂಡಬಾರದು. ಇದನ್ನ ಒಂದು ತಿನ್ನೋ ಪದಾರ್ಥ ಆಗಿ ನಾನು ಬಲ್ಲೆ. ನನ್ನೂ ಮಂದಿ ಹೊರಗ ನಿಂತು ತಿಂತಾರ, ಮನಿ ಒಳಗ ಒಯ್ಯೂದಿಲ್ಲ.

ಪಕ್ಕದ ತಟ್ಟೆಯ ವೆಜ್ ಪ್ಯಾಟಿಸ್ ಜೊತೆ ಸಂಬಂಧ ಹೇಗಿದೆ?

ಒಂದೇ ಒಲಿ, ಒಂದೇ ಹಿಟ್ಟು. ಅವಗ ಬಟಾಟಿ ಸಿಕ್ತು, ನನಗ ಆಡು ಸಿಕ್ತು. ಗಿರಾಕಿ ಬಂದು ಚಿಮಟಾ ಬ್ಯಾರೆ ಬ್ಯಾರೆ ಐತೇನು ಅಂತ ಕೇಳ್ತಾರ, ಕೇಳಲಿ. ಅವರವರ ಹೊಟ್ಟಿ. ಆದ್ರ ಒಬ್ಬರು ಮೂಗು ಮುಚ್ಚಿಕೊಂಡು ನನ್ನ ದಾಟಿ ಹೋದರು, ತಬಲಾ ಸೋಲೋ ಕೇಳಾಕ. ತಬಲಾಕ್ಕ ಹೊದಿಸಿದ್ದು ಯಾವ ತೊಗಲು? ಆಡಿನದು! ನಾನೂ ತಬಲಾನೂ ಒಂದೇ ತಾಯಿ ಮಕ್ಕಳ್ರೀ. ಅಣ್ಣ ವೇದಿಕೆ ಮ್ಯಾಲೆ ಗಾದಿ ಹಾಕ್ಕೊಂಡು ಕೂತ, ತಮ್ಮ ಗಾಜಿನ ಪೆಟ್ಟಿಗ್ಯಾಗ. ಅಣ್ಣಗ ಪೌಡರ್ ಹಚ್ತಾರ, ನನಗ ಟೊಮೆಟೊ ಸಾಸ್.

ಸುತ್ತಮುತ್ತ ಈಗಲೂ ನೇರವಾಗಿ ಕೇಳುವಂಥದ್ದು ಏನಾದರೂ ಉಳಿದಿದೆಯೇ?

ಕಿವಿ ಇದ್ದವರಿಗೆ ಐತಿ. ಈ ಅಡವಿ ಸೀಮಿಯಾಗ, ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿಗಳ ಡಮಾಮಿ ಐತಿ. ಆಫ್ರಿಕಾದಿಂದ ಬಂದ ಹಿರಿಯರ ತಾಳ ಇನ್ನೂ ಹೊಡಿತಾರ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ 2003ರಾಗ ಸಿಕ್ತು, ಬೆಳಗಾವಿ, ಧಾರವಾಡದವರು 2020ರ ತನಕ ಕಾದರು. ಸರಕಾರಿ ಉತ್ಸವದ ಮೆರವಣಿಗಿಯಾಗ ಮುಂದಿನ ಸಾಲಿನಾಗ ಕುಣಿಸೂ ಹೊತ್ತಿಗೆ ಮಾತ್ರ ಯಾರೂ ಸರ್ಟಿಫಿಕೇಟ್ ಕೇಳಿರಲಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಾಗ ಚೌಡಿಕಿ ಐತಿ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಐತಿ, ಕೌಜಲಗಿ ನಿಂಗಮ್ಮ ಮೆರೆಸಿದ್ದು. ಚರ್ಚಿನ ಫೆಸ್ತಿಗೆ ಬ್ಯಾಂಡ್ ಬರ್ತೈತಿ, ಗುಡಿಯಾಗ ಭಜನಿ ನಡೀತೈತಿ.

ಡಿಜೆ ಬಗ್ಗೆ ನಿಮ್ಮ ಅಭಿಪ್ರಾಯ?

ನನ್ನ ವಿರೋಧ ಪೂರಾ ಸ್ವಾರ್ಥದ್ದು. ಬ್ಯಾಂಡಿನವರು ಬಂದರಂದ್ರ ಹದಿನೈದು ಮಂದಿ, ಹದಿನೈದು ಪ್ಯಾಟಿಸ್, ಹದಿನೈದು ಚಹಾ. ಡಿಜೆ ಬಂದರ ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪ್, ಒಂದು ಜನರೇಟರ್. ಜನರೇಟರ್ ಡೀಸೆಲ್ ಕುಡೀತೈತಿ, ಪ್ಯಾಟಿಸ್ ತಿನ್ನೂದಿಲ್ಲ. ಮ್ಯಾಲೆ ಅವನ ಬೇಸ್ ಹೊಡೆತಕ್ಕ ನನ್ನ ಪದರ ಉದುರ್ತಾವ.

ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡವೆಂಬ ನಿಯಮ ಒಳ್ಳೆಯದಲ್ಲವೇ?

ಒಳ್ಳೇದೇ. 2000ದ ಶಬ್ದಮಾಲಿನ್ಯ ನಿಯಮ. ಮುದುಕರು, ಕೂಸುಗಳು, ಪರೀಕ್ಷಾ ಹುಡುಗರು ನಿದ್ದಿ ಮಾಡ್ಲಿ. ಆದ್ರ ಹೊಡೆತ ಯಾರಿಗೆ ಬಿತ್ತು ನೋಡ್ರಿ. ಭೀಮಸೇನ ಜೋಶಿ ಗುರುವಿನ ನೆನಪಿಗೆ 1953ರಾಗ ಪುಣೆಯೊಳಗ ಶುರು ಮಾಡಿದ ಸವಾಯಿ ಗಂಧರ್ವ ಮಹೋತ್ಸವ ಬೆಳತನಕ ನಡೀತಿತ್ತು. ಈಗ ಹತ್ತಕ್ಕ ಬಯಲು ಮಂಟಪದ ಮೈಕ್ ಬಂದ್. ದರಬಾರಿ, ಮಾಲಕಂಸ ಹೊತ್ತು ಮೀರಿದ ರಾಗಗಳು, ಅವು ಎಲ್ಲಿ ಹೋಗಬೇಕು? ಹಬ್ಬ, ಉತ್ಸವಕ್ಕಂತ ವರ್ಷದಾಗ 15 ದಿನ ಮಧ್ಯರಾತ್ರಿ ತನಕ ಸಡಿಲ ಕೊಡಾಕ ಸರಕಾರಕ್ಕ ಅವಕಾಶ ಐತಿ. ಆ ಸಡಿಲ ಯಾರ ಪಾಲಿಗೆ ಬೀಳ್ತೈತಿ ಅಂತ ನಿಮ್ಮ ಕಿಡಿಕಿ ಗಾಜನ್ನ ಕೇಳ್ರಿ, ನಡುಗಿ ಹೇಳ್ತೈತಿ.

ಇಂದಿನ ಪ್ರೇಕ್ಷಕರ ಬಗ್ಗೆ?

ನನ್ನ ಮುರಿದು ಒಳಗಿನದು ಕ್ಯಾಮೆರಾಕ್ಕ ತೋರಿಸ್ತಾರ. ಬೆಳಕು ಸರಿ ಬರಲಿಲ್ಲಂತ ಇನ್ನೊಂದು ಮುರೀತಾರ. ತಿನ್ನೂ ಹೊತ್ತಿಗೆ ಆರಿ ಹೋಗಿರ್ತೀನಿ. ಹಾಡಿನಾಗೂ ಹಂಗೇ. ಆಲಾಪ ಶುರುವಾದ ಕೂಡ್ಲೆ ಮೊಬೈಲ್ ಎತ್ತತಾರ. ಮನಿಗೆ ಹೋಗಿ ಆ ರೆಕಾರ್ಡಿಂಗ್ ಕೇಳಿದವರನ್ನ ನಾನಂತೂ ಕಂಡಿಲ್ಲ. ಇನ್ನೊಂದು, ಪಾಸ್ ಕೇಳೂದು. ನನಗ ಯಾರೂ ಪಾಸ್ ಕೇಳೂದಿಲ್ಲ, ರೊಕ್ಕ ಕೊಟ್ಟು ತಿಂತಾರ. ಮೂವತ್ತು ವರ್ಷ ರಿಯಾಜ್ ಮಾಡಿದವನ ಹಾಡಿಗೆ ಮಾತ್ರ ‘ನಮ್ಮ ಮನಿ ಐದು ಮಂದಿಗೆ ಪಾಸ್ ಇಡ್ರಿ’. ಭೀಮಸೇನರು 1933ರಾಗ ಹನ್ನೊಂದರ ವಯಸ್ಸಿಗೆ ಗುರುವನ್ನ ಹುಡುಕಿ ಮನಿ ಬಿಟ್ಟರು. ಟಿಕೆಟ್ ಇಲ್ಲದ ರೈಲಿನಾಗ ಹಾಡಿದರು, ಡಬ್ಬಿ ಮಂದಿ ಕಾಸು ಕೊಟ್ಟು ಹೊಟ್ಟಿ ತುಂಬಿಸಿದರು. ಹರಕ ಧೋತರದ ಥರ್ಡ್ ಕ್ಲಾಸ್ ಮಂದಿ ಕೊಟ್ಟರ್ರೀ. ಈಗ ಎಸಿ ಕಾರಿನಾಗ ಬಂದವರು ಪಾಸ್ ಕೇಳ್ತಾರ.

ಕೊನೆಯದಾಗಿ, ಸಂಘಟಕರಿಗೆ ನಿಮ್ಮ ಸಂದೇಶ?

ಸಂದೇಶ ಅಲ್ಲ, ಬೇಡಿಕಿ. ಒಂದು, ಸಂಭಾವನೆ ಹಾಡಿಗೆ ಮೊದಲು ಕೊಡ್ರಿ. ‘ನಾಳೆ ಫೋನ್ ಮಾಡ್ರಿ’ ಅನ್ನೂದು ರಾಗ ಅಲ್ಲ. ಎರಡು, ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗಿಯ ನೆನಪಿನ ಕಾಣಿಕಿ ಬ್ಯಾಡ. ಅವರ ಮನಿಯಾಗ ಅವನ್ನ ಇಡಾಕ ಜಾಗ ಇಲ್ಲ. ಮೂರು, ಭಾಷಣಕ್ಕ ಹತ್ತು ನಿಮಿಷ, ಮ್ಯಾಲೆ ಒಂದು ನಿಮಿಷಕ್ಕ ದಂಡ, ಆ ದಂಡ ತಂಬೂರಿ ಹುಡುಗಿಗೆ. ನಾಲ್ಕು, ಊಟಕ್ಕ ಕಲಾವಿದರನ್ನ ನಿಮ್ಮ ಪಂಕ್ತಿಯಾಗ ಕೂಡಿಸ್ರಿ. ನನ್ನ ಕಟ್ಟಿ ಕೈಯಾಗ ಕೊಟ್ಟು ಬಸ್ ಸ್ಟ್ಯಾಂಡಿಗೆ ಕಳಿಸಬ್ಯಾಡ್ರಿ. ಹಸಿದವರಿಗೆ ನಾನು ಆಗ್ತೀನಿ, ಆದ್ರ ನಾನು ಮರ್ಯಾದಿ ಅಲ್ಲ.

ಇಷ್ಟು ಹೇಳುವಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಪ್ಯಾಟಿಸ್ಸನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದದ್ದರಿಂದ ಸಂದರ್ಶನ ಅಲ್ಲಿಗೇ ಮುಗಿಯಿತು.

ಪ್ಯಾಟಿಸ್ ಹೇಳಿದ್ದರಲ್ಲಿ ಸ್ವಾರ್ಥ ಇದ್ದೀತು, ಸುಳ್ಳು ನಮಗೆ ಕಾಣಲಿಲ್ಲ. ಓದುಗರಲ್ಲಿ ವಿನಂತಿ ಇಷ್ಟೆ: ಮುಂದಿನ ಜಾತ್ರೆಗೆ, ಫೆಸ್ತಿಗೆ, ಬೈಠಕ್‌ಗೆ ಹೋದಾಗ ಪಾಸ್ ಕೇಳಬೇಡಿ, ಟಿಕೆಟ್ ಕೊಳ್ಳಿ. ಟಿಕೆಟ್ ಇಲ್ಲದ ಕಡೆ ತಟ್ಟೆಗೆ ಕಾಸು ಹಾಕಿ. ಮೊಬೈಲ್ ಜೇಬಿನಲ್ಲಿರಲಿ. ಮುಗಿದ ಮೇಲೆ ಹಾಡಿದವರು, ಬಾರಿಸಿದವರು ಉಂಡರೋ ಇಲ್ಲವೋ ಎಂದು ಒಮ್ಮೆ ವಿಚಾರಿಸಿಯೇ ಮನೆಗೆ ಹೊರಡಿ.