ಜಾಗ ನೋಡಲು ಆಷಾಢದಲ್ಲಿ ಬನ್ನಿ

ಆಗುಂಬೆ ಕಡೆಯವನು ಎಂದು ಗೊತ್ತಾದ ಕೂಡಲೇ ಬೆಂಗಳೂರಿನವರು ಮೊದಲೆಲ್ಲ ಸೂರ್ಯಾಸ್ತದ ಬಗ್ಗೆ ಕೇಳುತ್ತಿದ್ದರು. ಆಮೇಲೆ ಕಾಳಿಂಗ ಸರ್ಪದ ಬಗ್ಗೆ ಕೇಳತೊಡಗಿದರು. ಈಗ ಸುತ್ತುಬಳಸಿಲ್ಲ, ‘ಎಕರೆಗೆ ಎಷ್ಟಿದೆ ಸಾರ್ ನಿಮ್ಮಲ್ಲಿ?’ ಎಂದೇ ಶುರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತಲ್ಲ, ಅಲ್ಲಿಂದ ನಮ್ಮೂರಿನ ಗಂಡಸರೆಲ್ಲ ಅರ್ಧಂಬರ್ಧ ದಲ್ಲಾಳಿಗಳಾಗಿದ್ದೇವೆ. ಉಳಿದವರಿಗೆ ಕಮಿಷನ್ನಾದರೂ ಸಿಗುತ್ತದೆ. ನನಗೆ ಸಿಗುವುದು, ಬಂದವರಿಗೆ ಕಾಫಿ ಕೊಟ್ಟು ಸುಸ್ತಾದ ಹೆಂಡತಿಯ ಮಾತು ಮಾತ್ರ.

ಕೇಳುವವರ ಪಟ್ಟಿ ಬಹಳ ದೊಡ್ಡದೇನಲ್ಲ. ಎರಡೇ ಎಕರೆ ಸಾಕಂತೆ. ಮಗ್ಗುಲಲ್ಲಿ ಬೇಸಿಗೆಯಲ್ಲೂ ಬತ್ತದ ಹಳ್ಳ, ಬೆನ್ನಿಗೆ ಕಾಡು, ಬಾಗಿಲವರೆಗೆ ಟಾರು ರಸ್ತೆ, ಹೋಗದ ಕರೆಂಟು, ಮೀಟಿಂಗಿಗೆ ಆಗುವಷ್ಟು ನೆಟ್‌ವರ್ಕು. ಇವೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಸಿಗುವ ಒಂದು ಜಾಗ ನಮ್ಮಲ್ಲಿ ಇದೆ. ಅದನ್ನು ತೀರ್ಥಹಳ್ಳಿ ಪೇಟೆ ಎನ್ನುತ್ತಾರೆ. ಹಳ್ಳದ ಬದಲು ತುಂಗಾ ಹೊಳೆಯೇ ಹರಿಯುತ್ತದೆ. ಆದರೆ ಅಲ್ಲಿ ಯಾರಿಗೂ ಬೇಡ.

ಹೆಂಡತಿಯ ಚಿಕ್ಕಪ್ಪನ ಮಗ ಒಬ್ಬ ಏಪ್ರಿಲ್‌ನಲ್ಲಿ ಬಂದಿದ್ದ. ಏಪ್ರಿಲ್ ಎಂದರೆ ನಮ್ಮೂರಿಗೆ ಮದುವಣಗಿತ್ತಿಯ ಕಳೆ. ಸಂಜೆ ತಂಪು ಗಾಳಿ, ಹಲಸಿನ ಹಣ್ಣಿನ ಪರಿಮಳ, ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳ. ‘ಭಾವ, ಇದು ಮಾಲ್ಗುಡಿ!’ ಎಂದು ಕುಣಿದಾಡಿದ. ಶಂಕರ್‌ನಾಗ್ ಧಾರಾವಾಹಿ ಮಾಡಿದ್ದು ಆಗುಂಬೆಯಲ್ಲೇ, ದೊಡ್ಡಮನೆಯ ಜಗಲಿಯನ್ನು ದೇಶವೆಲ್ಲ ನೋಡಿದೆ, ನಿಜ. ಆದರೆ ಆರ್.ಕೆ. ನಾರಾಯಣರು ಮಾಲ್ಗುಡಿಯನ್ನು ಯಾವ ನಕ್ಷೆಯಲ್ಲೂ ಇಟ್ಟವರಲ್ಲ. ಅದರ ಸರ್ವೆ ನಂಬರು ನನ್ನ ಹತ್ತಿರ ಕೇಳಿದರೆ ನಾನೆಲ್ಲಿಂದ ತರಲಿ? ಇದನ್ನು ಹೇಳುವ ಮೊದಲೇ ಆ ಪುಣ್ಯಾತ್ಮ ತರಗೆಲೆಯ ಮೇಲೆ ಅಂಗಾತ ಮಲಗಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಎಬ್ಬಿಸಿ, ಮೈಯೆಲ್ಲ ಉಣುಗು ಹುಡುಕಿದೆವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ, ಅದೂ ಬೇಸಿಗೆಯಲ್ಲೇ. ಜಾಗ ನೋಡುವ ಸೀಸನ್ನೂ ಅದೇ.

ಮಳೆಗಾಲದಲ್ಲಿ ಜಾಗ ನೋಡಲು ಬಂದವರು ಕಡಿಮೆ. ಒಂದು ದಂಪತಿ ಮಾತ್ರ ಪುಷ್ಯ ಮಳೆಯಲ್ಲಿ ಬಂದರು. ಆ ಹೆಣ್ಣುಮಗಳು ಅಂಗಳದ ಪಾಚಿ ನೋಡಿ ಹೆದರಿ ನಿಂತರು. ‘ಅದಕ್ಕೇ ಅಡಿಕೆ ದಬ್ಬೆ ಹಾಸಿರೋದಮ್ಮ, ಇದರ ಮೇಲೆ ಕಾಲಿಟ್ಟರೆ ಜಾರೋದೇ ಇಲ್ಲ’ ಎಂದು ತೋರಿಸಲು ಹೋದವನು ಕೊಡೆ ಸಮೇತ ಮಲಗಿದೆ. ಅವರು ಎತ್ತಿದರು. ಎದ್ದು ನೋಡಿದರೆ ಹಿಮ್ಮಡಿಯಲ್ಲಿ ಎರಡು ಇಂಬಳ. ಸುಣ್ಣ ಹಚ್ಚಿ ಬಿಡಿಸಿದೆ. ರಕ್ತ ಮಾತ್ರ ಕಾಫಿ ಮುಗಿಯುವವರೆಗೂ ನಿಲ್ಲಲಿಲ್ಲ. ಅವರು ಜಮೀನಿನ ಮಾತೇ ಎತ್ತದೆ, ನನ್ನ ಆರೋಗ್ಯ ವಿಚಾರಿಸಿ ಹೋದರು.

ಮಳೆ ಎಂದರೆ ಎಷ್ಟು? ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು, ಆಗುಂಬೆಗೆ ಸರಾಸರಿ ಏಳು ಸಾವಿರದ ಮೇಲೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಈಚೆಗೆ ಹೊಸನಗರದ ಹುಲಿಕಲ್ ಈ ಕಿರೀಟಕ್ಕೆ ಕೈ ಹಾಕಿರುವುದು ನಮಗೆ ಸ್ವಲ್ಪ ಸಂಕಟದ ವಿಷಯ. ಬಿಸಿಲಿಲ್ಲದ ತಿಂಗಳುಗಳಲ್ಲಿ ಉಪ್ಪು ನೀರಾಗುತ್ತದೆ, ಬಾಗಿಲು ಉಬ್ಬಿ ಚಿಲಕ ಬೀಳುವುದಿಲ್ಲ, ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಬೆಳೆಯುತ್ತದೆ. ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಹಾಗಾಗಿ ಬೆಂಗಳೂರಿನ ಮದುವೆಮನೆಯಲ್ಲಿ ನಮ್ಮವರನ್ನು ಹುಡುಕುವುದು ಸುಲಭ: ರೇಷ್ಮೆ ಸೀರೆಯಲ್ಲೂ ಹೊಗೆ ವಾಸನೆ. ಮರ ಬಿದ್ದು ಕರೆಂಟು ಹೋದರೆ ಲೈನ್‌ಮನ್ ನಡೆದೇ ಬರಬೇಕು. ಘಾಟಿಯ ಹದಿನಾಲ್ಕು ತಿರುವಿನಲ್ಲಿ ಎಲ್ಲಾದರೂ ಧರೆ ಕುಸಿದರೆ ಹೆಬ್ರಿ, ಮಣಿಪಾಲದ ದಾರಿಯೂ ಬಂದ್. ಮಣಿಪಾಲ ಎಂದರೆ ನಮಗೆ ಊರಲ್ಲ, ಆಸ್ಪತ್ರೆ.

ಇಷ್ಟಾದರೂ ತೋಟ ಇದೆಯಲ್ಲ, ಅಡಿಕೆಗೆ ರೇಟಿದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಆ ರೇಟು ಮರದ ತುದಿಯಲ್ಲಿರುತ್ತದೆ, ಹತ್ತಿ ಇಳಿಸುವ ಕೊನೆಗಾರ ಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಸೇರಿಸಿ, ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಗೊನೆಗೆ ಹೊಡೆಯಬೇಕು. ಎರಡನೆಯ ಸಲಕ್ಕೆ ಮಳೆ ಹೊಳವಾಗದೆ ತಡವಾಯಿತೋ, ಕೊಳೆ ಬಂದು ಕಾಯೆಲ್ಲ ಬುಡದಲ್ಲಿ. ಈಗ ಎಲೆಚುಕ್ಕಿ ರೋಗ ಬೇರೆ.

ಆದರೆ ಮಳೆ, ಇಂಬಳ, ಕೊಳೆ ಇವೆಲ್ಲ ಸಣ್ಣ ಜಾತಿಯ ಪ್ರಾಣಿಗಳು. ದೊಡ್ಡದು ಇರುವುದು ಕಾಗದದಲ್ಲಿ. ಯಜಮಾನರು ಜಗಲಿಯಲ್ಲಿ ನಿಂತು ಕೈ ಬೀಸಿ, ‘ಆ ನೇರಳೆ ಮರದಿಂದ ಈ ಸಂಕದವರೆಗೂ ನಮ್ಮದೇ’ ಎನ್ನುತ್ತಾರೆ. ಸುಳ್ಳಲ್ಲ, ಅಜ್ಜನ ಕಾಲದಿಂದ ಸೊಪ್ಪು ತಂದಿದ್ದಾರೆ. ಆದರೆ ಪಹಣಿಯಲ್ಲಿರುವುದು ಕೆಳಗಿನ ತೋಟ ಮಾತ್ರ. ಮೇಲಿನದು ಸೊಪ್ಪಿನಬೆಟ್ಟ, ಸೊಪ್ಪು, ಕಟ್ಟಿಗೆಯ ಹಕ್ಕು ತೋಟದವರದು, ನೆಲ ಸರ್ಕಾರದ್ದು. ಅದರಾಚೆಯದು ಬಗರ್‌ಹುಕುಂ ಅರ್ಜಿ, ಇನ್ನೂ ತೀರ್ಮಾನವಾಗಿಲ್ಲ. ಅದರ ಮೇಲೆ 1963ರ ಅರಣ್ಯ ಕಾಯ್ದೆಯ ಸೆಕ್ಷನ್ 4ರ ನೋಟಿಫಿಕೇಶನ್ ಆಗಿದೆಯೋ ಎಂಬುದನ್ನು ಅರಣ್ಯ ಇಲಾಖೆಯಲ್ಲೂ ಕೇಳಬೇಕು, ಕಂದಾಯ ಇಲಾಖೆಯಲ್ಲೂ ಕೇಳಬೇಕು. ಎರಡೂ ಕಡೆ ಒಂದೇ ಉತ್ತರ ಬಂದರೆ ದೇವರಿಗೆ ಕಾಯಿ ಒಡೆಸಬಹುದು. ಪಶ್ಚಿಮಘಟ್ಟದ ಬಗ್ಗೆ ಗಾಡ್ಗೀಳ್ ವರದಿ 2011ರದು, ಕಸ್ತೂರಿರಂಗನ್ ವರದಿ 2013ರದು. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಬರುತ್ತಲೇ ಇದೆ, 2024ರ ಜುಲೈಯದು ಆರನೆಯದು. ಆ ಕರಡು ಬಂದಾಗೆಲ್ಲ ನಮ್ಮಲ್ಲಿ ಸಭೆ, ಮೆರವಣಿಗೆ. ತಣ್ಣಗಾದ ಮೇಲೆ ಮತ್ತೆ ಜಾಗ ನೋಡುವವರ ಕಾರು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ ಎಂಬುದು ಹೌದು. ನಿಂತ ಜಾಗದಲ್ಲಿ ನೆಟ್‌ವರ್ಕ್ ಇದ್ದರೆ.

ಕಾಳಿಂಗನ ಹೆಸರಂತೂ ಯಾವ ಪಹಣಿಯಲ್ಲೂ ಇಲ್ಲ. ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೇ ಆ ಹಾವಿಗಾಗಿ. ಅದು ಕೊಟ್ಟಿಗೆಗೆ ಬಂದರೆ ನಾವು ಹೊಡೆಯುವುದಿಲ್ಲ, ಹೊರಗೆ ನಿಂತು ಕಾಯುತ್ತೇವೆ. ಕೊಳ್ಳುವವರು ಇಂಥ ಪಾಲುದಾರನನ್ನು ಒಪ್ಪುತ್ತಾರೋ ಕೇಳಿ ನೋಡಬೇಕು.

ಇಷ್ಟರಲ್ಲಿ ನನಗೆ ತಮಾಷೆಯೆನಿಸುವುದು ಒಂದು. ಮಾರುವ ಯಜಮಾನರ ಮಗ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟಿನ ಕಂತು ಕಟ್ಟುತ್ತಿದ್ದಾನೆ. ಕೊಳ್ಳಲು ಬರುವವನೂ ವೈಟ್‌ಫೀಲ್ಡಿನವನೇ, ಆ ಫ್ಲ್ಯಾಟು ಬೇಜಾರಾಗಿದೆಯಂತೆ. ಇಬ್ಬರೂ ಒಂದೇ ಲಿಫ್ಟಿನಲ್ಲಿ ಹೋಗಿ ಬರುತ್ತಿದ್ದರೂ ಇರಬಹುದು. ಇಲ್ಲಿ ಎಪ್ಪತ್ತು ದಾಟಿದ ಗಂಡ-ಹೆಂಡತಿ ಬಂದವರಿಗೆಲ್ಲ ಹಲಸಿನ ಹಪ್ಪಳ ಸುಟ್ಟು ಕೊಡುತ್ತಾರೆ. ಜಮೀನು ಹೋದರೆ ತಾವು ಎಲ್ಲಿಗೆ ಎಂದು ಅವರೂ ಹೇಳುವುದಿಲ್ಲ, ಬಂದವರೂ ಕೇಳುವುದಿಲ್ಲ.

ಇಷ್ಟು ಹೇಳಿದರೂ ನಿಮಗೆ ಆಸೆ ಹೋಗಿಲ್ಲವೆಂದರೆ ನೀವು ನಮ್ಮೂರಿಗೆ ತಕ್ಕ ಜನವೇ. ಏಪ್ರಿಲ್ ಬಿಡಿ, ಆಷಾಢದಲ್ಲಿ ಬನ್ನಿ. ಹಳ್ಳ ಎಲ್ಲಿ ಹರಿಯುತ್ತದೆ, ಧರೆ ಎಲ್ಲಿ ಬಿರಿದಿದೆ ಎಲ್ಲ ಆಗಲೇ ಕಾಣುವುದು. ನಮ್ಮ ಮನೆಯ ಮೇಲಿನ ಒಂದು ಎಕರೆಯೂ ಕೊಡುವುದಿದೆ; ನೋಟ ಚೆನ್ನಾಗಿದೆ, ಹಳ್ಳವೂ ಇದೆ. ಖಾತೆ ಮಾತ್ರ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಪೋಡಿ ಆಗಿಲ್ಲ, ದಾಯಾದಿಗಳ ಸಹಿ ಆಗಬೇಕು, ಒಬ್ಬರು ಅಮೆರಿಕದಲ್ಲಿದ್ದಾರೆ.